ಧರ್ಮಕ್ಕೆ ಸಿಕ್ಕಿದ ಸ್ವರ

ಪ್ರಫುಲ್ಲಾ ಲೋಲಾಕ್ಷಿಯಕ್ಕನ ಮನೆಗೆ ಹೋದದ್ದು ಇಡ್ಲಿ ಪಾತ್ರೆ ಹಿಂದಕ್ಕೆ ಕೊಡಲು. ದುಬೈಯ ಮಿರ್ದಿಫ್‌ನಲ್ಲಿ ಇಬ್ಬರದೂ ಒಂದೇ ಕಟ್ಟಡ, ಒಂದೇ ಮಹಡಿ. ಶನಿವಾರ ಬೆಳಗ್ಗೆ. ಪಾತ್ರೆ ಕೊಟ್ಟು ಐದು ನಿಮಿಷದಲ್ಲಿ ಬರುತ್ತೇನೆ ಎಂದು ಗಂಡ ಶ್ರವಣ್‌ಗೆ ಹೇಳಿ, ಮಗಳು ತೃಷಾಳನ್ನು ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲೇ ಅವಳ ಕಿವಿ ನೆಟ್ಟಗಾಯಿತು.

ಒಳಗಿನ ಕೋಣೆಯಿಂದ ಒಬ್ಬ ಹೆಂಗಸಿನ ಸ್ವರ ಬರುತ್ತಿತ್ತು. “ಅ ಅಂದ್ರೆ ಅಲಸಂಡೆ... ಬ ಅಂದ್ರೆ ಬಂಗುಡೆ.” ಬಂಗುಡೆ ಎನ್ನುವಾಗ ಆ ಸ್ವರದ ಕೊನೆಯಲ್ಲಿ ಒಂದು ಸಣ್ಣ ನಗು.

“ಮಮ್ಮಿ, ದಟ್ಸ್ ಹಲೀಮ ಟೀಚರ್!” ಎಂದಳು ತೃಷಾ.

ಲೋಲಾಕ್ಷಿಯಕ್ಕನಿಗೆ ಸಂಭ್ರಮವೋ ಸಂಭ್ರಮ. “ಟೀಚರಾ? ಯಾವ ಟೀಚರು? ಅದು ನಿನ್ನ ಮೈದುನ ಪೃಥ್ವಿರಾಜ್ ಮಾಡಿದ್ದಲ್ವಾ ಮಾರಾಯ್ತಿ! ಮಕ್ಕಳಿಗೆ ಅಕ್ಷರ ಕಲಿಸುವ ಸಾಫ್ಟ್‌ವೇರು, ಕನ್ನಡ ಜೀನಿಯಸ್ ಪ್ರೊ ಅಂತ. ಮಗನಿಗೆ ಆನ್‌ಲೈನ್‌ನಲ್ಲಿ ತೆಗೆದುಕೊಂಡೆ, ನೂರ ನಲವತ್ತೊಂಬತ್ತು ದಿರ್ಹಮ್. ನಮ್ಮವನೇ ಅಂತ ಎಷ್ಟು ಹೆಮ್ಮೆ ಆಯ್ತು ಗೊತ್ತುಂಟಾ? ಬರುವ ವಾರ ಕನ್ನಡ ಸಂಘದವರು ಅವನಿಗೆ ಸನ್ಮಾನ ಬೇರೆ ಮಾಡ್ತಾರಂತೆ. ಶಾರ್ಜಾದ ತಂಗಿಗೂ ಕಳಿಸುವ ಅಂತಿದ್ದೆ. ಆದ್ರೆ ಇದರಲ್ಲಿ ಕಾಪಿ ಮಾಡಿದ್ರೆ ಶಿಕ್ಷೆ ಅಂತ ಬರ್ದುಂಟು. ಹೆದರಿ ಬಿಟ್ಟೆ.”

ಪ್ರಫುಲ್ಲಾ ಒಳಗೆ ಹೋಗಿ ಹುಡುಗನ ಟ್ಯಾಬ್ಲೆಟ್ ಕೈಗೆ ತೆಗೆದುಕೊಂಡಳು. ಅದೇ ಕಪ್ಪು ಸ್ಲೇಟು, ಅದೇ ಕಾಗೆ, ಅದೇ ದುಂಡು ಅಕ್ಷರಗಳು. ಮೇಲಿನ ಹೆಸರು, ಸುತ್ತಲಿನ ಬಣ್ಣ ಮಾತ್ರ ಬದಲಾಗಿದ್ದವು. ‘ನಮ್ಮ ಬಗ್ಗೆ’ ಎಂಬಲ್ಲಿ ಒತ್ತಿದಳು. ಅಲ್ಲಿ ಮೊದಲು ಇಪ್ಪತ್ತಮೂರು ಹೆಸರುಗಳಿದ್ದವು, ಅವಳಿಗೆ ಬಾಯಿಪಾಠವಾಗಿದ್ದವು. ಈಗ ಇದ್ದದ್ದು ಇಷ್ಟೇ: ‘ಪರಿಕಲ್ಪನೆ, ನಿರ್ಮಾಣ, ಧ್ವನಿ: ಪೃಥ್ವಿರಾಜ್. ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ನಕಲು ಮಾಡುವುದು ಶಿಕ್ಷಾರ್ಹ ಅಪರಾಧ.’

ಧ್ವನಿ, ಪೃಥ್ವಿರಾಜ್! ಅರುವತ್ತೆರಡು ವರ್ಷದ ಹೆಂಗಸೊಬ್ಬಳ ಸ್ವರದ ಕೆಳಗೆ ಮೂವತ್ತೆರಡರ ಗಂಡಸು ತನ್ನ ಹೆಸರು ಬರೆದುಕೊಂಡಿದ್ದಾನೆ. ಕೇಳಿದವರಿಗೆ ಅನುಮಾನ ಬಂದೀತು ಎಂಬಷ್ಟು ಯೋಚನೆಯೂ ಅವನಿಗೆ ಬಂದಿಲ್ಲ. ಪ್ರಫುಲ್ಲಾಳ ಮೈ ಉರಿದು ಹೋಯಿತು. ಲೋಲಾಕ್ಷಿಯಕ್ಕ ಚಹಾ ಎಂದು ಕರೆಯುತ್ತಿದ್ದರೂ ಕೇಳಿಸದೆ ಮನೆಗೆ ಬಂದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಆ ಸಾಫ್ಟ್‌ವೇರಿನ ನಿಜವಾದ ಹೆಸರು ಸ್ಲೇಟುಕಡ್ಡಿ. ಊರೂರಿನ ಕೆಲವರು ಬಿಡುವಿನ ಹೊತ್ತಿನಲ್ಲಿ ಸೇರಿ ಮಾಡಿದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಾಯಿಸಬಹುದು, ಹಂಚಬಹುದು. ಓಪನ್ ಸೋರ್ಸ್ ಎನ್ನುತ್ತಾರಲ್ಲ, ಆ ಬಗೆಯದು. ಕೊಲ್ಲಿ ದೇಶದಲ್ಲಿ ಹುಟ್ಟಿ ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳಿಗೆ ಅಕ್ಷರ ಕಲಿಸಲು ಅದಕ್ಕೆ ಪದಗಳನ್ನು ಬರೆದುಕೊಟ್ಟವಳು ಪ್ರಫುಲ್ಲಾ. ಸ್ವರ ಕೊಟ್ಟವರು ಹಲೀಮ ಟೀಚರ್.

ಹಲೀಮ ಟೀಚರ್ ಬಂಟ್ವಾಳದ ಕಡೆ ಇಪ್ಪತ್ತೆಂಟು ವರ್ಷ ಒಂದನೇ ಕ್ಲಾಸಿಗೆ ಕನ್ನಡ ಕಲಿಸಿದವರು. ಮನೆ ಮಾತು ಬ್ಯಾರಿ, ಬದುಕಿನ ಮಾತು ಕನ್ನಡ. ಈಗ ಅಬುಧಾಬಿಯ ಖಾಲಿದಿಯಾದಲ್ಲಿ ಮಗನ ಸಂಸಾರದ ಜೊತೆಗಿದ್ದಾರೆ. ಅವರ ಮಲಗುವ ಕೋಣೆಯಲ್ಲೇ ರೆಕಾರ್ಡಿಂಗ್ ನಡೆದದ್ದು. ಆಗಸ್ಟ್ ತಿಂಗಳು. ಏಸಿಯ ಸದ್ದು ಮೈಕಿಗೆ ಬೀಳುತ್ತದೆ ಎಂದು ಏಸಿ ಆಫ್, ರಸ್ತೆಯ ಸದ್ದಿಗೆ ಕಿಟಕಿಗೆಲ್ಲ ರಜಾಯಿ. ಇಬ್ಬರೂ ಬೆವರಿನಲ್ಲಿ ಮಿಂದರು. ಬಂಗುಡೆ ಎನ್ನುವಾಗೆಲ್ಲ ಟೀಚರಿಗೆ ನಗು. ಹನ್ನೊಂದು ಸಲ ಹೇಳಿಸಿದರೂ ನಗು ಬಿಡಲಿಲ್ಲ. ಕೊನೆಗೆ, “ಇರ್ಲಿ, ಮಕ್ಕಳು ನಗ್ತಾ ಕಲೀಲಿ” ಎಂದು ಹಾಗೆಯೇ ಬಿಟ್ಟರು. ಅದಾಗಿ ಏಳು ತಿಂಗಳಿಗೆ ಟೀಚರ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಉಳಿಯಲಿಲ್ಲ. ಈಗ ಅವರು ಮಾತಾಡುವುದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದು. ಲೋಕದಲ್ಲಿ ಅವರ ಸ್ವರ ಉಳಿದಿರುವುದು ಆ ಸ್ಲೇಟುಕಡ್ಡಿಯೊಳಗೆ, ಅವರ ಹೆಸರಿನ ಜೊತೆಗೆ. ಆ ಹೆಸರನ್ನೇ ಪೃಥ್ವಿರಾಜ್ ಒರೆಸಿ ಹಾಕಿದ್ದ.

ಮನೆಗೆ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಫೋನು ತೆಗೆದಳು. ಇನ್ನೂರಕ್ಕೂ ಹೆಚ್ಚು ಮಂದಿಯಿರುವ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜು ಬಿಟ್ಟಳು. “ನೀವು ಶಾಲು ಹಾಕ್ಲಿಕ್ಕೆ ಹೊರಟದ್ದು ಒಬ್ಬ ಕಳ್ಳನಿಗೆ. ಹೌದು, ನನ್ನ ಮೈದುನ. ಕಳ್ಳ!”

ಎರಡು ನಿಮಿಷ ಆಗಿರಲಿಲ್ಲ, ಸಬೀನಳ ಫೋನು ಬಂತು. ಅದೇ ಗ್ರೂಪಿನಲ್ಲಿದ್ದ ಗೆಳತಿ ಸಬೀನ ಜುಮೇರಾ ಲೇಕ್ ಟವರ್ಸ್‌ನ ಒಂದು ಕಾನೂನು ಸಲಹಾ ಕಚೇರಿಯಲ್ಲಿ ಕೆಲಸ ಮಾಡುವವಳು. ಟ್ರೇಡ್‌ಮಾರ್ಕ್, ಕಾಪಿರೈಟ್ ಕಾಗದಪತ್ರಗಳಲ್ಲೇ ಅವಳ ದಿನ ಕಳೆಯುತ್ತದೆ.

“ಪ್ರಫುಲ್ಲಕ್ಕ, ಮೊದಲು ಆ ಮೆಸೇಜು ಡಿಲೀಟ್ ಮಾಡಿ. ಎಲ್ಲರ ಫೋನಿನಿಂದಲೂ ಹೋಗುವ ಹಾಗೆ ಮಾಡಿ. ಯಲ್ಲಾ, ಬೇಗ.”

“ಯಾಕೆ ಮಾಡ್ಬೇಕು? ಕಳ್ಳನಿಗೆ ಕಳ್ಳ ಅಂದ್ರೆ ತಪ್ಪಾ?”

“ಈ ದೇಶದಲ್ಲಿ ತಪ್ಪೇ. ಗ್ರೂಪಿನಲ್ಲಿ ಹೆಸರು ಹಿಡಿದು ಬೈದ್ರೆ ಕೇಸು ನಿಮ್ಮ ಮೇಲೆ ಆಗ್ತದೆ. ನಿಮ್ಮ ಮಾತು ಸರಿಯಾ ತಪ್ಪಾ ಅಂತ ಆಮೇಲೆ ನೋಡುವ. ಅವನು ಮಾಡಿದ್ದಕ್ಕೆ ನೀವು ಸ್ಟೇಷನಿನಲ್ಲಿ ಕೂರುವುದಾ?”

ಹಲ್ಲು ಕಚ್ಚಿಕೊಂಡು ಡಿಲೀಟ್ ಮಾಡಿದಳು. ಸಿಟ್ಟು ಡಿಲೀಟ್ ಆಗಲಿಲ್ಲ.

ಮಧ್ಯಾಹ್ನ ಪೃಥ್ವಿರಾಜ್‌ನನ್ನು ಊಟಕ್ಕೆಂದು ಕರೆಸಿದಳು. ಕೋಳಿ ಸುಕ್ಕ ಎಂದರೆ ಅವನು ಎಲ್ಲಿಂದಲಾದರೂ ಬರುತ್ತಾನೆ. ಬಂದು ನೋಡಿದರೆ ಮೇಜಿನ ಮೇಲೆ ಸುಕ್ಕ ಇಲ್ಲ, ಲ್ಯಾಪ್‌ಟಾಪು ಇದೆ. ಅದರ ಎದುರು ಸಬೀನ ಕೂತಿದ್ದಾಳೆ. ಅತ್ತಿಗೆಯ ಮುಖ ಕೆಂಡವಾಗಿದೆ.

“ಇದು ನೀನು ಮಾಡಿದ್ದಾ?” ಪ್ರಫುಲ್ಲಾ ನೇರ ಕೇಳಿದಳು.

“ಮಾಡಿದ್ದು ಅಂದ್ರೆ... ಸ್ವಲ್ಪ ಚಂದ ಮಾಡಿದ್ದು. ಹೆಸರು, ಬಣ್ಣ. ಒಂದು ಫೋನಿಗೆ ಒಂದು ಲೈಸೆನ್ಸ್ ಕೀ ಅಂತ ಬೀಗ ಹಾಕಿದ್ದು.”

“ಯಾರನ್ನು ಕೇಳಿ?”

“ಕೇಳ್ಲಿಕ್ಕೆ ಎಂತ ಉಂಟು ಅತ್ತಿಗೆ? ಅದು ಧರ್ಮಕ್ಕೆ ಸಿಗುವುದು. ಧರ್ಮಕ್ಕೆ ಸಿಕ್ಕಿದ್ದಕ್ಕೆ ಯಜಮಾನ ಯಾರು?”

ನಮ್ಮ ಕರಾವಳಿಯವರ ಬಾಯಲ್ಲಿ ‘ಧರ್ಮಕ್ಕೆ’ ಎಂದರೆ ದುಡ್ಡಿಲ್ಲದೆ, ಪುಕ್ಕಟೆ. ಮದುವೆ ಮನೆಯ ಪಾಯಸವೂ ಧರ್ಮಕ್ಕೆ, ಎಕ್ಸಿಬಿಷನ್‌ನಲ್ಲಿ ಕೊಡುವ ಪೆನ್ನೂ ಧರ್ಮಕ್ಕೆ. ಇಂಗ್ಲಿಷಿನಲ್ಲಿ ಫ್ರೀ ಎಂದು ಬರೆದದ್ದನ್ನು ಓದಿದ ಪೃಥ್ವಿರಾಜ್ ಧರ್ಮಕ್ಕೆ ಎಂದು ಅರ್ಥಮಾಡಿಕೊಂಡ. ಅಲ್ಲಿಗೆ ಓದುವುದನ್ನು ನಿಲ್ಲಿಸಿದ.

“ಕೇಳಿದೆಯಾ ಸಬೀನ?” ಪ್ರಫುಲ್ಲಾ ಮೇಜು ಗುದ್ದಿದಳು. “ಧರ್ಮಕ್ಕೆ ಸಿಗುವುದನ್ನು ದುಡ್ಡಿಗೆ ಮಾರಿದ್ದಾನೆ. ಇದು ಕಾನೂನಿಗೆ ವಿರುದ್ಧ. ಇವತ್ತೇ ಕಂಪ್ಲೇಂಟ್ ಬರಿ. ಖಲಾಸ್!”

ಸಬೀನ ನಿಧಾನಕ್ಕೆ ತಲೆ ಅಲ್ಲಾಡಿಸಿದಳು. “ಅಲ್ಲ ಪ್ರಫುಲ್ಲಕ್ಕ. ಮಾರಿದ್ದು ತಪ್ಪಲ್ಲ.”

“ಎಂತ?”

“ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಮಾರಬಹುದು. ಸ್ಲೇಟುಕಡ್ಡಿಯ ಲೈಸೆನ್ಸಿನಲ್ಲೇ ಹಾಗೆ ಬರ್ದುಂಟು. ಎಷ್ಟು ದುಡ್ಡಿಗೆ ಬೇಕಾದ್ರೂ ಮಾರಬಹುದು.”

ಪೃಥ್ವಿರಾಜ್‌ನ ಮುಖ ಅರಳಿತು. ಕುರ್ಚಿ ಎಳೆದು ಕೂತ. ಪ್ರಫುಲ್ಲಾಳಿಗೆ ಸಬೀನಳ ಮೇಲೆಯೂ ಸಿಟ್ಟು ಬಂತು. ಯಾರ ಕಡೆ ಮಾತಾಡುತ್ತಿದ್ದಾಳೆ ಇವಳು? ಬೆವರು ಸುರಿಸಿದವರಿಗೆ ಏನೂ ಇಲ್ಲ, ಬಣ್ಣ ಬಳಿದವನಿಗೆ ದುಡ್ಡು. ಅದು ಸರಿ ಎನ್ನುವ ಕಾನೂನು ಎಂಥ ಕಾನೂನು?

“ಪೃಥ್ವಿಯವರೇ, ನಗಬೇಡಿ. ನಾನಿನ್ನೂ ಮುಗಿಸ್ಲಿಲ್ಲ,” ಎಂದಳು ಸಬೀನ. ಲ್ಯಾಪ್‌ಟಾಪು ಅವನ ಕಡೆಗೆ ತಿರುಗಿಸಿದಳು. “ನೀವು ಇಳಿಸಿಕೊಂಡಾಗ ಒಳಗೆ ಈ ಫೈಲು ಇತ್ತಲ್ಲ, ಲೈಸೆನ್ಸ್ ಅಂತ? ಅದನ್ನು ಎಂತ ಮಾಡಿದ್ರಿ?”

“ಡಿಲೀಟ್ ಮಾಡಿದೆ. ಬೇಡದ ಫೈಲು ಅಂತ.”

“ಹೆಸರುಗಳ ಪುಟ?”

“ಅದೂ... ಬೇಡದ್ದು ಅಂತ.”

“ಓದಿದ್ಯಾ?” ಪ್ರಫುಲ್ಲಾಳ ಸ್ವರ ಏರಿತು. “ತೆಗೆಯುವ ಮೊದಲು ಒಂದು ಸಲ ಆದ್ರೂ ಓದಿದ್ಯಾ? ಅದರಲ್ಲಿ ಸ್ವರ ಕೊಟ್ಟ ಹಲೀಮ ಟೀಚರ ಹೆಸರು ಉಂಟು, ನಾಲ್ಕನೇ ಹೆಸರು ನನ್ನದು. ನಿನ್ನ ಸ್ವಂತ ಅತ್ತಿಗೆಯದ್ದು!”

ಪೃಥ್ವಿರಾಜ್ ಲ್ಯಾಪ್‌ಟಾಪಿನ ಕಡೆಗೆ ಬಗ್ಗಿದ. ಅವನು ಓದಿರಲಿಲ್ಲ. ಅಷ್ಟರಲ್ಲಿ ಶ್ರವಣ್ ನಡುವೆ ಬಂದ. “ಆಯ್ತು ಮಾರಾಯ್ತಿ, ತಮ್ಮ ಅಲ್ವಾ? ಮನೆ ವಿಷಯ ಮನೆಯಲ್ಲೇ ಮುಗಿಸುವ.”

“ತಮ್ಮ ಅಂತ ಮನೆಯವರ ಹೆಸರನ್ನೇ ಒರೆಸಿದ್ದಾ? ನೀವು ಸುಮ್ನೆ ಕೂತ್ಕೊಳ್ಳಿ.”

ಶ್ರವಣ್ ಸುಮ್ಮನೆ ಕೂತ. ಬುದ್ಧಿವಂತ.

ಸಬೀನ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. “ನೋಡಿ, ಈ ಸಾಫ್ಟ್‌ವೇರಿಗೆ ಯಜಮಾನರು ಇದ್ದಾರೆ. ಇಪ್ಪತ್ತಮೂರು ಮಂದಿ. ಕಾಪಿರೈಟು ಅವರದ್ದೇ. ಅವರು ನಮಗೆಲ್ಲ ಅನುಮತಿ ಕೊಟ್ಟಿದ್ದಾರೆ. ಬಳಸಿ, ಬದಲಾಯಿಸಿ, ಹಂಚಿ, ಬೇಕಾದ್ರೆ ಮಾರಿ. ಆದ್ರೆ ಷರತ್ತು ಉಂಟು. ನಮ್ಮ ಹೆಸರು, ಈ ಲೈಸೆನ್ಸಿನ ಕಾಗದ ತೆಗೆಯಬಾರದು. ನೀವು ಎಂತ ಬದಲಾಯಿಸಿದ್ರಿ ಅಂತ ಹೇಳ್ಬೇಕು. ತೆಗೆದುಕೊಂಡವರಿಗೆ ಮೂಲ ಕೋಡ್, ಅಂದ್ರೆ ಸಾಫ್ಟ್‌ವೇರನ್ನು ಬರೆದ ಅಸಲಿ ಸಾಲುಗಳು, ಸಿಗುವ ಹಾಗೆ ಮಾಡ್ಬೇಕು. ನಿಮಗೆ ಸಿಕ್ಕಿದ ಸ್ವಾತಂತ್ರ್ಯ ಪೂರ್ತಿ ಅವರಿಗೂ ಸಿಗ್ಬೇಕು. ನೀವು ಇದರಲ್ಲಿ ಒಂದನ್ನಾದ್ರೂ ಮಾಡಿದ್ರಾ?”

“ಕೋಡ್ ಕೊಟ್ರೆ ಯಾರು ತೆಗೆದುಕೊಳ್ತಾರೆ?”

“ಅದು ಬೇರೆ ಮಾತು. ನಾನು ಕೇಳಿದ್ದು ಷರತ್ತಿನ ಮಾತು. ಷರತ್ತು ಮುರಿದ್ರೆ ಅನುಮತಿಯೂ ಹೋಯ್ತು. ಅನುಮತಿ ಇಲ್ಲದೆ ಮಾರಿದ್ರೆ ಅದು ಕಾಪಿರೈಟ್ ಉಲ್ಲಂಘನೆ. ಈ ದೇಶದಲ್ಲಿ ಅದಕ್ಕೆ ಕಾನೂನು ಉಂಟು, ದಂಡ ಉಂಟು. ಮತ್ತೆ ನೀವು ‘ಕಾಪಿ ಮಾಡಿದ್ರೆ ಅಪರಾಧ’ ಅಂತ ಬರೆದದ್ದು ಬರೀ ಸುಳ್ಳು. ಲೋಲಾಕ್ಷಿಯಕ್ಕ ಅದನ್ನು ತಂಗಿಗೆ ಕಳಿಸಬಹುದು, ಬೇಕಾದ್ರೆ ಇಡೀ ಕಟ್ಟಡಕ್ಕೆ ಹಂಚಬಹುದು. ಅದು ಅವರ ಹಕ್ಕು. ಇದ್ದ ಹಕ್ಕನ್ನು ಇಲ್ಲ ಅಂತ ಹೆದರಿಸಿದ್ದು ನೀವು.”

ಈಗ ಪ್ರಫುಲ್ಲಾಳಿಗೆ ಅರ್ಥವಾಗತೊಡಗಿತು. ದುಡ್ಡಿನ ಮಾತು ಹಿಡಿದು ಕಿರುಚುತ್ತಿದ್ದಳು ಅವಳು. ಅನ್ಯಾಯ ನಡೆದದ್ದು ಬೇರೆ ಕಡೆ. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಒಪ್ಪಬೇಕಾಯಿತು.

“ಎಲ್ಲ ಓಪನ್ ಸೋರ್ಸಿಗೂ ಇದೇ ಷರತ್ತಾ?” ಎಂದು ಮೆಲ್ಲಗೆ ಕೇಳಿದ ಶ್ರವಣ್.

“ಇಲ್ಲ ಅಣ್ಣ. ಒಂದೊಂದಕ್ಕೆ ಒಂದೊಂದು. ಕೆಲವಕ್ಕೆ ಮೂಲ ಕೋಡ್ ಕೊಡ್ಬೇಕಾಗಿಲ್ಲ, ಹೆಸರು ಉಳಿಸಿದ್ರೆ ಸಾಕು. ಕೆಲವು ಸಲ ಕೋಡಿಗೆ ಒಂದು ಲೈಸೆನ್ಸು, ಒಳಗಿನ ಚಿತ್ರಕ್ಕೆ, ಸ್ವರಕ್ಕೆ ಇನ್ನೊಂದು ಇರ್ತದೆ. ಅದಕ್ಕೇ ಓದ್ಬೇಕು ಅನ್ನುವುದು. ಮತ್ತೆ ಸಾಫ್ಟ್‌ವೇರು ಬಳಸ್ಲಿಕ್ಕೆ ಬಿಟ್ಟರು ಅಂತ ಅವರ ಲೋಗೋ, ಅವರ ಹೆಸರಿನಲ್ಲಿ ಅಂಗಡಿ ಇಡ್ಲಿಕ್ಕೆ ಬಿಟ್ಟರು ಅಂತ ಅರ್ಥ ಅಲ್ಲ.” ಅವಳು ಪೃಥ್ವಿರಾಜ್‌ನ ಕಡೆಗೆ ತಿರುಗಿದಳು. “ಅಂಗಡಿ ಅಂದಾಗ ನೆನಪಾಯ್ತು. ಆನ್‌ಲೈನಿನಲ್ಲಿ ಮಾರ್ಲಿಕ್ಕೆ ಟ್ರೇಡ್ ಲೈಸೆನ್ಸ್ ಉಂಟಾ ನಿಮಗೆ?”

“ಆನ್‌ಲೈನಿಗೂ ಬೇಕಾ?”

“ಬೇಕು. ನಿಮ್ಮ ವೀಸಾ ಕಂಪೆನಿಯದ್ದು. ಬದಿಯಲ್ಲಿ ವ್ಯಾಪಾರ ಮಾಡ್ಲಿಕ್ಕೆ ಏನೇನು ಅನುಮತಿ ಬೇಕು ಅಂತ ಇಲಾಖೆಯಲ್ಲಿ ಕೇಳ್ಬೇಕಿತ್ತು.”

ಪೃಥ್ವಿರಾಜ್ ಬೆವರಿದ. ಆದರೆ ಮೊಂಡುತನ ಇನ್ನೂ ಹೋಗಿರಲಿಲ್ಲ. ಹೆದರಿದವನಿಗೆ ಬಾಯಿ ಜಾಸ್ತಿ.

“ಸರಿ ಸರಿ, ಅಷ್ಟು ದೊಡ್ಡದು ಮಾಡ್ಬೇಡಿ. ಆ ಟೀಚರಿನ ಸ್ವರವೇ ತೊಂದರೆ ಅಲ್ವಾ? ಅವರಿಗೆ ಸ್ವಲ್ಪ ದುಡ್ಡು ಕೊಟ್ಟು ಇನ್ನೊಂದು ಸಲ ಹೇಳಿಸುವ. ಎಷ್ಟು ಹೊತ್ತಿನ ಕೆಲಸ ಅದು?”

ತೃಷಾ ತಾಯಿಯ ಮುಖ ನೋಡಿದಳು, ಆಮೇಲೆ ಚಿಕ್ಕಪ್ಪನ ಮುಖ ನೋಡಿದಳು.

“ಚಿಕ್ಕಪ್ಪಾ, ಶಿ ಕಾಂಟ್ ಟಾಕ್ ಎನಿಮೋರ್.”

“ಎಂತ?”

“ಹೇಳ್ಲಿಕ್ಕೆ ಅವರಿಗೆ ಸ್ವರ ಇಲ್ಲ,” ಎಂದಳು ಪ್ರಫುಲ್ಲಾ. ಇಷ್ಟು ಹೊತ್ತು ಕಿರುಚುತ್ತಿದ್ದವಳ ಮಾತು ಈಗ ತಣ್ಣಗಿತ್ತು. ಅದು ಇನ್ನೂ ಹೆದರಿಕೆ ಹುಟ್ಟಿಸುವಂತಿತ್ತು. “ಗಂಟಲಿನ ಆಪರೇಷನ್ ಆಗಿದೆ. ಅವರ ಸೊಸೆ ಶಾಹಿನ ಹೇಳ್ತಿದ್ದಳು, ದಿನಾ ಸಂಜೆ ಮೊಮ್ಮಗಳ ಪಕ್ಕ ಕೂತು ಅದನ್ನು ಹಾಕಿ ಕೇಳ್ತಾರೆ ಅಂತ. ಕೊನೆಗೆ ಹೆಸರುಗಳ ಪುಟ ತೆಗೆದು ತನ್ನ ಹೆಸರಿನ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ತೋರಿಸ್ತಾರೆ. ಅವರಿಗೆ ಉಳಿದದ್ದು ಅಷ್ಟು. ಅದನ್ನು ನೀನು ಒರೆಸಿ, ಧ್ವನಿ ಪೃಥ್ವಿರಾಜ್ ಅಂತ ಬರ್ದಿ. ಶಾಲು ಹಾಕ್ಕೊಳ್ಲಿಕ್ಕೆ ಹೊರಟಿ. ಧರ್ಮಕ್ಕೆ ಸಿಕ್ಕಿದ್ದು ಅಂತಿಯಲ್ಲ, ಕೊಟ್ಟವರ ಧರ್ಮ ಅದು. ನಿನ್ನದು ಎಂತದ್ದು?”

ಪೃಥ್ವಿರಾಜ್ ತಲೆ ತಗ್ಗಿಸಿದ. ಆ ದಿನ ಅವನು ಊಟ ಮಾಡದೆ ಹೋದ. ಮಾಡು ಎಂದು ಯಾರೂ ಒತ್ತಾಯವೂ ಮಾಡಲಿಲ್ಲ.

ಆದರೆ ಅವನಿಗೂ ಮಾನ ಮರ್ಯಾದೆ ಇತ್ತು. ಮಾರಾಟದ ಪುಟವನ್ನು ಅಂದೇ ಮುಚ್ಚಿದ. ತೆಗೆದುಕೊಂಡವರಿಗೆಲ್ಲ ಸಂದೇಶ ಕಳಿಸಿದ: ‘ಇದು ನಾನು ಮಾಡಿದ್ದಲ್ಲ. ಇದರ ಮೂಲ ಹೆಸರು ಸ್ಲೇಟುಕಡ್ಡಿ. ಮಾಡಿದವರ ಹೆಸರು, ಲೈಸೆನ್ಸ್, ಮೂಲ ಕೋಡ್ ಇಲ್ಲಿವೆ. ಬೀಗ ತೆಗೆದಿದ್ದೇನೆ, ಯಾರಿಗೆ ಬೇಕಾದರೂ ಕೊಡಿ. ದುಡ್ಡು ವಾಪಸು ಬೇಕಾದವರು ಕೇಳಿ.’ ಸಂಘದವರಿಗೆ ಫೋನು ಮಾಡಿ ಸನ್ಮಾನ ಬೇಡವೆಂದ. ಸ್ಲೇಟುಕಡ್ಡಿಯ ತಂಡಕ್ಕೆ ತಪ್ಪೊಪ್ಪಿಗೆಯ ಪತ್ರ ಬರೆದ. ಮಾರಾಟದ ಯೋಚನೆಯನ್ನು ಅವನು ಪೂರ್ತಿ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಸಬೀನಳೇ ದಾರಿ ಹೇಳಿದಳು. ಟ್ರೇಡ್ ಲೈಸೆನ್ಸ್ ಆದ ಮೇಲೆ, ಹೆಸರುಗಳನ್ನು ಮೊದಲ ಪುಟದಲ್ಲೇ ಇಟ್ಟು, ಟ್ಯಾಬ್ಲೆಟ್ಟಿಗೆ ಹಾಕಿಕೊಡುವುದಕ್ಕೆ, ತಾಯಂದಿರಿಗೆ ಹೇಳಿಕೊಡುವುದಕ್ಕೆ, ಕೆಟ್ಟರೆ ಸರಿಮಾಡುವುದಕ್ಕೆ ದುಡ್ಡು ತೆಗೆದುಕೊಳ್ಳಬಹುದು. ಅದು ಅವನ ಸ್ವಂತ ದುಡಿಮೆ.

ಇಷ್ಟಾದರೂ ಪ್ರಫುಲ್ಲಾ ಬಿಡಲಿಲ್ಲ. “ಪತ್ರ ಬರೆದರೆ ಆಗ್ಲಿಲ್ಲ. ಕಾರು ತೆಗಿ” ಎಂದು ಭಾನುವಾರ ಅವನನ್ನು ಖಾಲಿದಿಯಾಕ್ಕೆ ಹೊರಡಿಸಿದಳು.

ಹಲೀಮ ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. ಪೃಥ್ವಿರಾಜ್ ಸರಿಮಾಡಿದ ಪುಟವನ್ನು ಫೋನಿನಲ್ಲಿ ತೋರಿಸಿದ. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದಿದ್ದ: ‘ಧ್ವನಿ: ಹಲಿಮ’. ಟೀಚರ್ ಕನ್ನಡಕ ಏರಿಸಿ ನೋಡಿದರು. ಹುಬ್ಬು ಗಂಟಾಯಿತು. ನೋಟ್‌ಬುಕ್ ಎಳೆದುಕೊಂಡು, ಕೆಂಪು ಪೆನ್ನಿನಲ್ಲಿ ‘ಲಿ’ ಎಂದು ಬರೆದು ಹೊಡೆದುಹಾಕಿದರು. ಪಕ್ಕದಲ್ಲಿ ‘ಲೀ’ ಎಂದು ಬರೆದರು. ಅದರ ಕೆಳಗೆ: ‘ಹತ್ತು ಸಲ ಬರಿ.’

ಪೃಥ್ವಿರಾಜ್ ಅತ್ತಿಗೆಯನ್ನು ನೋಡಿದ. ಅತ್ತಿಗೆ ಗೋಡೆ ನೋಡಿದಳು.

ಟೈ ಕಟ್ಟಿಕೊಂಡು ಹದಿನೆಂಟನೇ ಮಹಡಿಯಲ್ಲಿ ಕೆಲಸ ಮಾಡುವ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆದ. ಹಲೀಮ, ಹಲೀಮ, ಹಲೀಮ. ಟೀಚರ್ ಅವನ ತಲೆಯ ಮೇಲಿನಿಂದ ಬಗ್ಗಿ ಒಂದೊಂದನ್ನೂ ನೋಡಿದರು. ಆರನೆಯದು ಸೊಟ್ಟಗಿತ್ತೆಂದು ಮತ್ತೊಮ್ಮೆ ಬರೆಸಿದರು. ಮುಗಿದ ಮೇಲೆ ಕೆಳಗೊಂದು ಸರಿ ಗುರುತು ಹಾಕಿ, ಅವನ ಫೋನು ತೆಗೆದುಕೊಂಡು ‘ಬ’ ಒತ್ತಿದರು. “ಬ ಅಂದ್ರೆ ಬಂಗುಡೆ” ಎಂದಿತು ಫೋನು, ಆ ನಗುವಿನ ಜೊತೆಗೆ. ಟೀಚರ ತುಟಿಯೂ ಜೊತೆಗೇ ಆಡಿತು. ಅದನ್ನು ನೋಡಿ ಪೃಥ್ವಿರಾಜ್ ಅತ್ತುಬಿಟ್ಟ. ಪ್ರಫುಲ್ಲಾಳ ಕಣ್ಣೂ ಒದ್ದೆಯಾಯಿತು, ಆದರೆ ಅವಳ ಸಿಟ್ಟು ಇಳಿಯಲಿಲ್ಲ. ಅವಳ ಮನೆಯ ಕೋಳಿ ಸುಕ್ಕ ಅವನಿಗೆ ಇನ್ನೂ ಮೂರು ತಿಂಗಳು ಸಿಗಲಿಲ್ಲ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಖಾರವಾಗಿಯೇ ಒಂದೆರಡು ಮಾತು. ಉಚಿತವಾಗಿ ಸಿಗುವ ಸಾಫ್ಟ್‌ವೇರನ್ನು ಮಾರುವುದು ತನ್ನಷ್ಟಕ್ಕೆ ತಪ್ಪಲ್ಲ. ಓದದೆ ಮಾರುವುದು ತಪ್ಪು. ಲೈಸೆನ್ಸ್ ಎಂಬ ಆ ಫೈಲನ್ನು ತೆರೆದು ಓದಿ, ಅರ್ಥವಾಗದಿದ್ದರೆ ತಿಳಿದವರನ್ನು ಕೇಳಿ. ಅದು ಕೊಡು ಎಂದದ್ದನ್ನು ಕೊಳ್ಳುವವರಿಗೆ ಕೊಡಿ, ಇಲ್ಲದ ಬೀಗ ಹಾಕಬೇಡಿ, ಇಲ್ಲದ ಶಿಕ್ಷೆ ಹೇಳಿ ಹೆದರಿಸಬೇಡಿ. ಇಲ್ಲಿ ಆನ್‌ಲೈನ್ ಅಂಗಡಿ ತೆರೆಯುವ ಮೊದಲು ಸಂಬಂಧಪಟ್ಟ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಕೊಳ್ಳುವವರು ನೀವಾದರೆ, ಅದೇ ವಸ್ತು ಮೂಲದಲ್ಲಿ ಉಚಿತವಾಗಿದೆಯೇ ಎಂದು ಒಮ್ಮೆ ಹುಡುಕಿ ನೋಡಿ. ಮೋಸ ಕಂಡರೆ ಗ್ರೂಪಿನಲ್ಲಿ ಕೂಗಾಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮಾರಿದವನಿಗೂ ಮೂಲ ತಂಡಕ್ಕೂ ಬರೆಯಿರಿ, ಬೇಕಾದರೆ ಕಾನೂನಿನ ದಾರಿ ಹಿಡಿಯಿರಿ.

ಮತ್ತೆ, ಯಾರದೋ ಹೆಸರನ್ನು ಬೇಡದ ಫೈಲು ಎಂದು ಒರೆಸಲು ಬೆರಳು ಹೋದಾಗ, ಅದನ್ನು ಒಮ್ಮೆ ಬಾಯಿಬಿಟ್ಟು ಓದಿ. ಆಮೇಲೂ ಒರೆಸುವ ಮನಸ್ಸಿದ್ದರೆ ಖಾಲಿದಿಯಾಕ್ಕೆ ಬನ್ನಿ. ಹಲೀಮ ಟೀಚರ ಹತ್ತಿರ ಕೆಂಪು ಪೆನ್ನು ಇನ್ನೂ ಇದೆ.